ಮುದುಡುವ ಜೆಲ್‌ಗೆ ಅರಿವಿದೆಯೆ?

ಪಾಲಿ-ಎನ್-ಐಸೊಪ್ರೊಪಿಲ್ ಅಕ್ರಿಲಮೈಡ್ ಎಂಬ ಉದ್ದ ಹೆಸರಿನ ಜೆಲ್ಲಿನ ತುಣುಕು ತಣ್ಣೀರಿನಲ್ಲಿ ತಿಳಿಯಾಗಿ, ಉಬ್ಬಿಕೊಂಡಿರುತ್ತದೆ. ನೀರಿನ ಬಿಸಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿತೋ, ಒಳಗಿನ ನೀರನ್ನು ಬಹುಪಾಲು ಕಕ್ಕಿ, ಬೆಳ್ಳಗೆ ಮುದುಡುತ್ತದೆ. ತಣಿಸಿದರೆ ಮತ್ತೆ ಅರಳುತ್ತದೆ. ಡೆಂಡ್ರಿಮರ್‌ಗಳನ್ನು, ಅಂದರೆ ಮರದ ಹಾಗೆ ಕವಲಿಗೆ ಕವಲೊಡೆಯುವ ಅಣುಗಳನ್ನು, ಹೆಣೆದು ಮಾಡಿದ ಜೆಲ್‌ಗಳಲ್ಲಿ ಈ ಚಳಕಕ್ಕೆ ಇನ್ನಷ್ಟು ಬಗೆ. ಕವಲುಗಳ ತುದಿಗೆ ಏನನ್ನು ಜೋಡಿಸಿದೆ ಎಂಬುದನ್ನು ಅವಲಂಬಿಸಿ ಅವು ಬೆಳಕಿಗೋ ಆಮ್ಲಕ್ಕೋ ಬಿಸಿಗೋ ಸ್ಪಂದಿಸುತ್ತವೆ. ಹೊರಗಿನದಕ್ಕೆ ತಕ್ಕಂತೆ ನಡೆದುಕೊಳ್ಳುವುದೇ ಚೇತನದ ಗುರುತಾದರೆ ಇವನ್ನು ಜಡವೆನ್ನುವುದು ಹೇಗೆ?

ಜಡವೇ ಎಂದು ನನ್ನ ವಾದ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರವು ಆತ್ಮದ ಗುರುತುಗಳೆಂದು ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನಗಳನ್ನು ಎಣಿಸುತ್ತದೆ. ಬರಿಯ ಪ್ರತಿಕ್ರಿಯೆಗೆ ಅಲ್ಲಿ ಜಾಗವಿಲ್ಲ. ಇರಬೇಕಾಗಿಯೂ ಇಲ್ಲ. ತಣ್ಣಗಿರುವಾಗ ಜೆಲ್ಲಿನ ಸರಪಳಿಗಳು ನೀರಿನ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತವೆ. ಬಿಸಿಯೇರಿದಂತೆ ಆ ಹಿಡಿತ ಸಡಿಲಿ, ಸರಪಳಿಗಳು ತಮ್ಮತಮ್ಮಲ್ಲೇ ಅಂಟಿಕೊಳ್ಳುತ್ತವೆ. ಜೆಲ್‌ಗಳ ಇಂಥ ಕುಸಿತವೂ ನೀರು ಆವಿಯಾಗುವಂಥದೇ ಒಂದು ಸ್ಥಿತ್ಯಂತರವೆಂದು ಎಂಐಟಿಯ ಟೊಯೊಯಿಚಿ ತನಾಕಾ 1978ರಲ್ಲಿ ತೋರಿಸಿಕೊಟ್ಟರು. ಉಬ್ಬಿದ್ದರಿಂದ ಜೆಲ್‌ಗೆ ಸುಖವಿಲ್ಲ, ಮುದುಡಿದ್ದರಿಂದ ದುಃಖವಿಲ್ಲ. ಒಣಗಿ ಪುಡಿಯಾದರೂ ಅದಕ್ಕೆ ಕೇಡಾಯಿತು ಎನ್ನುವಂತಿಲ್ಲ, ಕೇಡಾದದ್ದು ಪ್ರಯೋಗಕ್ಕೆ.

ಭೌತವಾದಿಗಳಾದ ಚಾರ್ವಾಕರು ಇಷ್ಟಕ್ಕೆ ಸುಮ್ಮನಾಗುವವರಲ್ಲ. ಹುದುಗಿನಿಂದ ಅಮಲು ಹುಟ್ಟುವಂತೆ ಭೂತಗಳ, ಅಂದರೆ ಜಡ ಮೂಲದ್ರವ್ಯಗಳ, ಕೂಟದಿಂದಲೇ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ಪಕ್ಷ. ವಿಜ್ಞಾನಿ ಜಗದೀಶಚಂದ್ರ ಬೋಸರೂ 1902ರ ಗ್ರಂಥದಲ್ಲಿ ಲೋಹ ಸ್ನಾಯುವಿನಂತೆಯೇ ದಣಿಯುತ್ತದೆಂದು ವಾದಿಸಿ, ಜೀವ-ನಿರ್ಜೀವಗಳ ನಡುವಿನ ಗೆರೆಯನ್ನು ಪ್ರಶ್ನಿಸಿದ್ದರು. ಇರಲಿ, ಚೇತನವೆಲ್ಲ ರಸಾಯನದಿಂದಲೇ ಬಂದದ್ದೆಂದು ಒಪ್ಪೋಣ. ಅಷ್ಟರಿಂದ ರಸಾಯನವೆಲ್ಲ ಚೇತನವಾಗದು. ಹರಿದಲ್ಲಿ ತಾವೇ ಕೂಡಿಕೊಳ್ಳುವ ಜೆಲ್‌ಗಳೂ ಇವೆ, ನಿಜ. ಆದರೆ ಅಮೀಬ ಆಹಾರ ಹಿಡಿಯದಿದ್ದರೆ ಸಾಯುತ್ತದೆ. ಉಳಿಯಲು ಅದು ದುಡಿಯಲೇಬೇಕು. ಅದಕ್ಕೂ ಅರಿವಿದೆಯೆಂದು ನಾನು ಹೇಳುತ್ತಿಲ್ಲ, ಆದರೆ ಅರಿವನ್ನು ಹುಡುಕಬೇಕಾದ್ದು ಆ ಕಡೆ. ಜೆಲ್‌ಗೆ ಉಳಿಯುವ ಹಂಗೇ ಇಲ್ಲ.

ಈ ತೀರ್ಮಾನ ಮನುಷ್ಯರನ್ನೂ ಸುಮ್ಮನೆ ಬಿಡುವುದಿಲ್ಲ. ಬೆಳಕು ಬಿದ್ದೊಡನೆ ನಮ್ಮ ಕಣ್ಣಿನ ಪಾಪೆ ಕಿರಿದಾಗುವುದು ನಾವು ಅರಿತು ಮಾಡುವ ಕೆಲಸವಲ್ಲ. ಸಾಂಖ್ಯ ದಾರ್ಶನಿಕರಂತೂ ಬುದ್ಧಿಯನ್ನೇ ಜಡಪ್ರಕೃತಿಯ ಪಾಲಿಗೆ ಸೇರಿಸಿದರು. ಅಷ್ಟು ದೂರ ನಾನು ಹೋಗಲಾರೆ. ಆದರೆ ಸಕ್ಕರೆಯ ಮಟ್ಟ ನೋಡಿ ಇನ್ಸುಲಿನ್ ಬಿಡುವಂತೆ ರೂಪಿಸಿದ ಜೆಲ್ ನಾಳೆ ಯಾರದೋ ಮೈಯಲ್ಲಿ ಎಡವಿದರೆ, ಉತ್ತರ ಕೊಡಬೇಕಾದ್ದು ಅರಿವಿಲ್ಲದ ಆ ಜೆಲ್ ಅಲ್ಲ, ಅದನ್ನು ಮಾಡಿದವರು ಮತ್ತು ಅದಕ್ಕೆ ಒಪ್ಪಿಗೆ ಕೊಟ್ಟವರು.