ಸ್ಪರ್ಧೆಯೂ ನೆರೆಯವನೂ

ಶ್ರಾವಣಮಾಸದಲ್ಲಿ ಕಸಾಪುರ, ಮುರಡಿ, ನೇಮಕಲ್ಲುಗಳ ಮೂವರು ಆಂಜನೇಯರನ್ನು ಒಂದೇ ದಿನದಲ್ಲಿ ದರ್ಶಿಸಬೇಕೆಂಬ ಹಂಬಲದಿಂದ ಹೊರಟ ಭಕ್ತರನ್ನು ಆಂಧ್ರ-ಕರ್ನಾಟಕ ಗಡಿಯ ರಾಯದುರ್ಗ ಸೀಮೆಯ ದಾರಿಗಳಲ್ಲಿ ಕಂಡವರಿಗೆ, ಈ ನಾಡಿನಲ್ಲಿ ದೇಹಬಲವೂ ದೈವಭಕ್ತಿಯೂ ಪರಸ್ಪರ ವಿರೋಧಿಗಳೆಂದು ಯಾರೂ ಎಣಿಸಿದವರಲ್ಲವೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. ಗರಡಿಮನೆಗೆ ಹನುಮಂತನೇ ಅಧಿದೇವತೆ. ಪೈಲವಾನನು ಅವನಿಗೆ ಕೈಮುಗಿದು, ಕಣದ ಮಣ್ಣನ್ನು ಹಣೆಗೊತ್ತಿಕೊಂಡು, ಅನಂತರವೇ ಎದುರಾಳಿಯ ಕೈಹಿಡಿಯುತ್ತಾನೆ. ಇದೇ ಗಡಿಸೀಮೆಯ ಹಳ್ಳಿಗಳಲ್ಲಿ ಬೆಳೆದ ಕ್ರೈಸ್ತ ತರುಣನು ಕಬಡ್ಡಿಯ ಅಂಕಣಕ್ಕೋ ಓಟದ ಪಂದ್ಯಕ್ಕೋ ಇಳಿಯುವಾಗ ಅವನಿಗೊಂದು ಪ್ರಶ್ನೆ ಎದುರಾಗುವುದು ಸಹಜ: ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಗೆ ಒಳಪಟ್ಟವನು ಆ ನೆರೆಯವನನ್ನೇ ಸೋಲಿಸಲು ಹಗಲಿರುಳು ಶ್ರಮಿಸಬಹುದೇ?

ಪ್ರಾಚೀನ ಸಭೆಯಲ್ಲಿ ಕೂಡದೆಂದವರಿದ್ದರು. ಸುಮಾರು ಕ್ರಿ.ಶ. 200ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನನು ರೋಮನ್ ಕ್ರೀಡಾಪ್ರದರ್ಶನಗಳನ್ನು ಖಂಡಿಸಿ ಗ್ರಂಥವನ್ನೇ ಬರೆದನು. ಮನುಷ್ಯರ ಮರಣವೇ ವಿನೋದವಾಗಿದ್ದ ಆ ರಂಗಸ್ಥಳಗಳನ್ನು ನೆನೆದರೆ ಅವನ ಕೋಪ ನ್ಯಾಯವಾದದ್ದೇ. ಆದರೆ ಅವನಿಗಿಂತ ಮೊದಲು ಬಾಳಿದ ಪೌಲನು, ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದ ನೆಲೆಗೆ ಸಮೀಪದ ಕೊರಿಂಥದವರಿಗೆ ಬರೆಯುವಾಗ, ಓಟಗಾರನ ಸಂಯಮವನ್ನೂ ಮಲ್ಲನ ಶಿಸ್ತನ್ನೂ ಭಕ್ತನಿಗೆ ಮಾದರಿಯಾಗಿ ತೋರಿಸಿದನು. ಗೆಲ್ಲಬೇಕೆಂಬ ಬಯಕೆಯನ್ನು ಪೌಲನು ಹಳಿಯಲಿಲ್ಲ. ಬಾಡಿಹೋಗುವ ಎಲೆಯ ಕಿರೀಟಕ್ಕೇ ಇಷ್ಟು ತಪಸ್ಸು ಸಲ್ಲುವುದಾದರೆ ಬಾಡದ ಕಿರೀಟಕ್ಕೆ ಎಷ್ಟು ಸಲ್ಲಬೇಕೆಂಬುದೇ ಅವನ ವಿಚಾರ.

ಎದುರಾಳಿಯ ಮೇಲೆ ಕರುಣೆದೋರಿ ಕೈಸಡಿಲಿಸಿ ಆಡುವುದು ಪ್ರೀತಿಯೆಂದು ನಾನು ಒಪ್ಪಲಾರೆ. ಅದು ಅವನನ್ನು ಹೀನನೆಂದು ಬಗೆದಂತೆಯೇ ಸರಿ. ನನ್ನ ಪೂರ್ಣಶಕ್ತಿಯನ್ನು ಅವನ ಮುಂದೆ ಒಡ್ಡಿದಾಗಲೇ ಅವನ ಪೂರ್ಣಶಕ್ತಿಯೂ ಹೊರಬರುವುದರಿಂದ, ಇಬ್ಬರೂ ಒಬ್ಬರಿಗೊಬ್ಬರು ಋಣಿಗಳು. ಯಬ್ಬೋಕ್ ಹೊಳೆಯ ದಡದಲ್ಲಿ ಯಾಕೋಬನು ಬೆಳಗಾಗುವವರೆಗೂ ಹೆಸರು ಹೇಳದ ಒಬ್ಬನೊಡನೆ ಹೋರಾಡಿದ ಕಥೆಯಲ್ಲಿ, ಹಿಡಿತ ಬಿಡದವನಿಗೆ ಆಶೀರ್ವಾದವೂ ದೊರಕಿತು, ಕುಂಟೂ ಉಳಿಯಿತು. ಆಶೀರ್ವಾದ ಪಡೆದವನು ಬೀಗಿ ನಡೆಯಲಿಲ್ಲ, ಕುಂಟುತ್ತ ನಡೆದನು.

ಪಾಪವಿರುವುದು ಗೆಲುವಿನ ಆಸೆಯಲ್ಲಲ್ಲ, ಗೆಲುವಿನಿಂದ ತನ್ನ ಬೆಲೆಯನ್ನು ತಿಳಿಯಬೇಕೆಂಬ ಆಸೆಯಲ್ಲಿ. ಜೆಬೆದಾಯನ ಮಕ್ಕಳು ಬಲಗಡೆಯ ಮತ್ತು ಎಡಗಡೆಯ ಪೀಠಗಳನ್ನು ಬೇಡಿದಾಗ ಯೇಸುಸ್ವಾಮಿಯು ದೊಡ್ಡವನಾಗುವ ದಾರಿ ಸೇವೆಯೆಂದು ತಿಳಿಸಿದನಷ್ಟೆ. ನಮ್ಮ ಹಳ್ಳಿಗಳ ಪಂದ್ಯಗಳಲ್ಲಿ ಈ ಆಸೆ ಆಟಗಾರನದಕ್ಕಿಂತ ಹೆಚ್ಚಾಗಿ ನೋಡುವವರದು. ಊರಿನ ಮಾನ, ಕೇರಿಯ ಮಾನ, ಜಾತಿಯ ಮಾನಗಳನ್ನೆಲ್ಲ ಹದಿನಾರರ ಹುಡುಗನೊಬ್ಬನ ಹೆಗಲಿಗೇರಿಸಿ, ಅವನು ಎಡವಿದೊಡನೆ ಬೈಗುಳ ಸುರಿಸುವ ಜನರ ನಡುವೆ ಕ್ರೈಸ್ತರೂ ನಿಂತಿರುವುದುಂಟೆಂಬುದು ದುಃಖದ ಸಂಗತಿ.

ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ನೂರು ಮೀಟರಿನ ಪ್ರಾರಂಭಿಕ ಓಟ ಭಾನುವಾರ ಬಿದ್ದಿತೆಂದು, ಆರಾಧನೆಯ ದಿನವನ್ನು ಮೀರಲೊಲ್ಲದೆ, ತನಗೆ ಅತ್ಯಂತ ಅನುಕೂಲವಾಗಿದ್ದ ಆ ಪಂದ್ಯವನ್ನೇ ತೊರೆದನು. ಬಳಿಕ ನಾನೂರು ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದನು. ಜನರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಗೌರವವೆಲ್ಲ ಅದರ ಉತ್ತರಾರ್ಧಕ್ಕೆ. ಮರುವರ್ಷವೇ ಅವನು ಕೀರ್ತಿಯನ್ನು ಹಿಂದಿಟ್ಟು, ತಾನು ಹುಟ್ಟಿದ ಚೀನಾದೇಶಕ್ಕೆ ಮಿಷನರಿಯಾಗಿ ಹೋದನು. ಯುದ್ಧಕಾಲದಲ್ಲಿ ಜಪಾನೀಯರು ಅವನನ್ನು ವೈಶಿಯನ್ ಶಿಬಿರದಲ್ಲಿ ಸೆರೆಯಿಟ್ಟಾಗ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದನು, ಆಟಗಳನ್ನು ಏರ್ಪಡಿಸಿದನು. ಭಾನುವಾರ ತೀರ್ಪುಗಾರನಿಲ್ಲದೆ ಹಾಕಿ ಆಡಿ ಮಕ್ಕಳು ಜಗಳವಾಡಿದರೆಂದು ತಿಳಿದು, ಮುಂದಿನ ಭಾನುವಾರ ತಾನೇ ತೀರ್ಪುಗಾರನಾಗಿ ಮೈದಾನಕ್ಕಿಳಿದನು. ತನ್ನ ಗೆಲುವಿಗಾಗಿ ಮುರಿಯದ ನಿಯಮವನ್ನು ಪರರ ಮಕ್ಕಳ ಶಾಂತಿಗಾಗಿ ಸಡಿಲಿಸಿದ ಈ ನಡತೆಯಲ್ಲಿ ಕ್ರೈಸ್ತಕ್ರೀಡಾಧರ್ಮದ ಸಾರವೆಲ್ಲ ಅಡಗಿದೆಯೆಂದು ನನ್ನ ದೃಢವಾದ ನಂಬಿಕೆ. 1945ರ ಫೆಬ್ರವರಿ 21ರಂದು ಅದೇ ಶಿಬಿರದಲ್ಲಿ ಅವನು ತೀರಿಕೊಂಡನು.

ಕ್ರೀಡೆಗೂ ಕ್ರೈಸ್ತಸೇವೆಗೂ ಇರುವ ಈ ನಂಟು ನಮ್ಮ ನಾಡಿಗೂ ಹೊಸದಲ್ಲ. ಅದೇ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡದೊಡನೆ ವ್ಯವಸ್ಥಾಪಕನಾಗಿ ಹೋದವನು, 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದ ಹ್ಯಾರಿ ಬಕ್. ಅನಂತಪುರದಲ್ಲಂತೂ, ಹಿಂದೆ ಜೆಸ್ವಿಟ್ ಸಂನ್ಯಾಸಿಯಾಗಿದ್ದ, 1969ರಲ್ಲಿ ಈ ಬರಡುಸೀಮೆಗೆ ಬಂದ ವಿನ್ಸೆಂಟ್ ಫೆರರ್ ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಜಾತಿಮತಗಳ ಭೇದವಿಲ್ಲದೆ ಹಳ್ಳಿಯ ಹುಡುಗ ಹುಡುಗಿಯರಿಗಾಗಿ ಕ್ರೀಡಾಗ್ರಾಮವನ್ನೇ ನಿರ್ಮಿಸಿದೆ. 2010ರಲ್ಲಿ ಅಲ್ಲಿ ಟೆನಿಸ್ ಶಾಲೆಯೂ ತೆರೆಯಿತು. ಅದು ಧರ್ಮಪ್ರಚಾರದ ಸಂಸ್ಥೆಯಲ್ಲ. ಆದರೂ ಬಡವರ ಮಗಳ ಕೈಗೆ ಹಾಕಿಯ ಕೋಲನ್ನು ಕೊಡುವುದು ಸುವಾರ್ತೆಗೆ ಪರಕೀಯವಾದ ಕಾರ್ಯವೆಂದು ಯಾರು ಹೇಳಿಯಾರು?

ಆದಕಾರಣ ರಾಯದುರ್ಗ, ಮಡಕಶಿರಾ ಸೀಮೆಗಳ ಸಭಾಪಾಲಕರಲ್ಲಿಯೂ ಹಿರಿಯರಲ್ಲಿಯೂ ನನ್ನ ಬಿನ್ನಹವಿಷ್ಟೆ: ನಿಮ್ಮ ತರುಣರನ್ನು ಆಟದಿಂದ ಹಿಂದೆಗೆಯಬೇಡಿರಿ, ಗೆಲ್ಲುವುದಕ್ಕೇ ಆಡಲೆಂದು ಕಲಿಸಿರಿ, ಪಂದ್ಯ ಮುಗಿದ ಮೇಲೆ ಸೋತ ತಂಡದವರನ್ನು ನಿಮ್ಮ ಮನೆಗೆ ಕರೆತಂದು, ಗೆದ್ದವರ ಪಕ್ಕದಲ್ಲಿಯೇ ಎಲೆ ಹಾಕಿ ಊಟಕ್ಕೆ ಕೂರಿಸಿರಿ.