ಹೆಸರು ಸೇರಿಸಿ ಎನ್ನುವುದು ಸಭೆಯ ಕೆಲಸವೇ?

“ಪರಲೋಕದ ದಾರಿ ತೋರಿಸಬೇಕಾದ ಸಭೆಗೆ ಓಟರ್ ಲಿಸ್ಟಿನ ಉಸಾಬರಿ ಯಾಕಮ್ಮಾ?” ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಆರಾಧನೆಯ ಕೊನೆಗೆ ಸಭಾಪಾಲಕರಾದ ಅಯ್ಯನವರು ಪ್ರಕಟಣೆಗಳನ್ನು ಓದುವಾಗ, ಹದಿನೆಂಟು ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ ಎಂದೂ ಹೇಳಿದ್ದರು. ರಾಜಕೀಯ ದೇವಾಲಯದೊಳಗೆ ಕಾಲಿಟ್ಟರೆ ಪ್ರಾರ್ಥನೆಗೆ ಜಾಗ ಉಳಿಯುವುದಿಲ್ಲ ಎಂಬ ಹಿರಿಯರ ಭಯ ನನಗೂ ಇದೆ. ಆದರೂ ಅಯ್ಯನವರು ಹೇಳಿದ್ದು ಸರಿ ಎಂದೇ ನನ್ನ ನಂಬಿಕೆ. ಅದನ್ನು ಗಟ್ಟಿ ಮಾಡಿದ್ದು ಫ್ಯಾನಿ ಲೂ ಹೇಮರ್ ಅವರ ಬದುಕು.

ಹೇಮರ್ ಅಮೆರಿಕದ ಮಿಸಿಸಿಪ್ಪಿಯ ಹತ್ತಿ ತೋಟವೊಂದರಲ್ಲಿ ದುಡಿಯುತ್ತಿದ್ದ ಕಪ್ಪು ಹೆಣ್ಣುಮಗಳು. ಬಣ್ಣದ ಕಾರಣಕ್ಕೆ ಮತದ ಹಕ್ಕು ತಪ್ಪಿಸಬಾರದೆಂಬ ತಿದ್ದುಪಡಿ ಆ ದೇಶದಲ್ಲಿ ಬಂದದ್ದು 1870ರಲ್ಲಿ. ಆದರೂ 1962ರ ಆಗಸ್ಟ್‌ನಲ್ಲಿ ರೂಲ್‌ವಿಲ್‌ನ ವಿಲಿಯಮ್ಸ್ ಚಾಪೆಲ್ ಚರ್ಚಿನ ಕೂಟಕ್ಕೆ ಹೋಗುವವರೆಗೆ, ತಮ್ಮಂಥವರೂ ಮತ ಹಾಕಬಹುದೆಂಬ ಸಂಗತಿಯೇ ಅವರ ಕಿವಿಗೆ ಬಿದ್ದಿರಲಿಲ್ಲ. ಆಗ ಅವರಿಗೆ 44 ವರ್ಷ. ಆಗಸ್ಟ್ 31ರಂದು ಅವರೂ ಸೇರಿ 18 ಮಂದಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋದರು. ಅಲ್ಲಿ ರಾಜ್ಯ ಸಂವಿಧಾನದ ಒಂದು ಭಾಗವನ್ನು ನಕಲು ಮಾಡಿ, ಅದರ ಅರ್ಥ ಬರೆಯಬೇಕಿತ್ತು. ಹೇಮರ್ ಫೇಲಾದರು. ಮನೆಗೆ ಬಂದರೆ ತೋಟದ ಯಜಮಾನ, ಅರ್ಜಿ ವಾಪಸ್ ತಗೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. 18 ವರ್ಷ ದುಡಿದಿದ್ದ ಆ ತೋಟವನ್ನು ಅವರು ಅದೇ ರಾತ್ರಿ ಬಿಟ್ಟರು. ಮತ್ತೆ ಪರೀಕ್ಷೆಗೆ ಕೂತರು, ಮರುವರ್ಷ ಜನವರಿಯಲ್ಲಿ ಪಾಸಾದರು.

ಆ ನಾಡಿನಲ್ಲಿ ಹೀಗೆ ಬಾಗಿಲು ತೆರೆದ ಚರ್ಚುಗಳೂ ಬೆಲೆ ತೆತ್ತವು. 1964ರ ಜೂನ್ 16ರ ರಾತ್ರಿ ನೆಶೋಬಾ ಕೌಂಟಿಯ ಮೌಂಟ್ ಝಯಾನ್ ಚರ್ಚಿಗೆ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನವರು ಬೆಂಕಿ ಇಟ್ಟರು. ಸುಟ್ಟುಹೋದ ಚರ್ಚನ್ನು ನೋಡಲು ಬಂದ ಮೂವರು ಯುವಕರನ್ನು 21ರಂದು ಕೊಂದರು. ಆ ಸಾವುಗಳಿಗಾಗಿ 2005ರಲ್ಲಿ ಶಿಕ್ಷೆಗೊಳಗಾದ ಎಡ್ಗರ್ ರೇ ಕಿಲನ್ ಬ್ಯಾಪ್ಟಿಸ್ಟ್ ಪ್ರಸಂಗಿ. ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಬೈಬಲ್. ಹಾಗಾಗಿ ಧರ್ಮ ರಾಜಕೀಯಕ್ಕೆ ಬರಬೇಕೇ ಎಂದಷ್ಟೇ ಕೇಳಿದರೆ ಸಾಲದು. ಬಂದು ಏನು ಮಾಡುತ್ತದೆ ಎಂದು ನೋಡಬೇಕು. ಮನುಷ್ಯರೆಲ್ಲ ದೇವರ ಸ್ವರೂಪದಲ್ಲಿ ಉಂಟಾದವರೆಂದು ಕಲಿಸುವ ಸಭೆ, ಅವರಲ್ಲೊಬ್ಬರು ಲೆಕ್ಕಕ್ಕೇ ಇಲ್ಲವಾದಾಗ ಬಾಯಿ ಮುಚ್ಚಿ ಕೂತರೆ ತನ್ನ ಬೋಧನೆಯನ್ನು ತಾನೇ ಅಲ್ಲಗಳೆದಂತೆ.

ನಮ್ಮಲ್ಲಿ ಹೆಸರು ಸೇರಿಸಲು ಅಂಥ ಪರೀಕ್ಷೆ ಇಲ್ಲ. ಆದರೆ ಸಣ್ಣಪುಟ್ಟ ಕಾರಣಕ್ಕೇ ಜನ ಹೊರಗುಳಿಯುತ್ತಾರೆ. ಆರಾಧನೆ ಮುಗಿದ ಮೇಲೆ ನಾನು ಫಾರಂ ತುಂಬಿಕೊಡಲು ಕೂರುತ್ತೇನೆ: ಹೊಸಬರಿಗೆ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರ ಹೆಸರು ಹಳೆಯ ವಾರ್ಡಿನಲ್ಲೇ ಉಳಿದಿತ್ತು. ಸೊಸೆಯ ಕನ್ನಡಕ ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. “ಯಾರಿಗೆ ಹಾಕ್ಬೇಕು ಅಂತ ಅಯ್ಯನೋರು ಹೇಳಿದಾರಾ?” ಎಂದು ಕೇಳಿದರು. “ಇಲ್ಲ ಅಜ್ಜಿ, ಅದು ನಿಮಗೆ ಬಿಟ್ಟದ್ದು,” ಎಂದೆ.

ಸಭೆ ದಾಟಬಾರದ ಗೆರೆ ಅದೇ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ ಎಂದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಹೇಳುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದರ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿತು. ಈ ಕಾನೂನು ಇಲ್ಲದಿದ್ದರೂ ನಾನು ಆ ಗೆರೆ ದಾಟಲು ಒಪ್ಪುತ್ತಿರಲಿಲ್ಲ. ಅಜ್ಜಿಯ ಮನಸ್ಸಾಕ್ಷಿಗೆ ದೇವರೇ ಒಡೆಯ, ಅಯ್ಯನವರಲ್ಲ.

ಹಿರಿಯರಿಗೆ ಇನ್ನೊಂದು ಮಾತನ್ನೂ ಹೇಳಿದೆ. ನಮ್ಮವರ ಸಂಖ್ಯೆ ಕಾಣಲಿ ಎಂದಷ್ಟೇ ಇದನ್ನು ಮಾಡಿದರೆ ಅವರ ಭಯವೇ ನಿಜವಾಗುತ್ತದೆ. ಗೇಟಿನ ಹತ್ತಿರ ಹೂ ಮಾರುವವರು ಬಂದು ಕೇಳಿದರೂ, ಅವರು ಯಾವ ದೇವರಿಗೆ ಕೈ ಮುಗಿದರೂ, ಅವರ ಫಾರಂ ಅನ್ನೂ ಅಷ್ಟೇ ಅಕ್ಕರೆಯಿಂದ ತುಂಬಿಕೊಡಬೇಕು. ಹಾಗೆ ಮಾಡುವವರೆಗೆ ಇದು ಸಭೆಯ ಕೆಲಸವೇ.