ವಿದ್ಯಾರ್ಥಿಯ ಆಲೋಚನೆ

ಕನ್ನಡದ ನಿತ್ಯಬಳಕೆಯಲ್ಲಿ ‘ಆಲೋಚನೆ’ ಎಂದರೆ ಯೋಚಿಸುವುದು. ಜೈನಶಾಸ್ತ್ರದ ಪರಿಭಾಷೆಯಲ್ಲಿ ಅದೇ ಪದಕ್ಕೆ ಇನ್ನೂ ಕಠಿನವಾದ ಅರ್ಥವಿದೆ: ತನ್ನಿಂದಾದ ಪ್ರಮಾದವನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸಿಕೊಳ್ಳುವುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ 9 ಭೇದಗಳನ್ನು ಹೇಳುವಾಗ ಉಮಾಸ್ವಾಮಿಗಳು ಮೊದಲ ಸ್ಥಾನವನ್ನು ಆಲೋಚನೆಗೇ ಕೊಟ್ಟಿದ್ದಾರೆ. ಯೋಚಿಸುವುದು ಸುಲಭ, ನಿವೇದಿಸಿಕೊಳ್ಳುವುದು ಕಷ್ಟ. ಈ ಎರಡರ ನಡುವಿನ ದೂರವು ಇಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯ ಮುಂದೆ ಒಂದು ನೈತಿಕ ಪ್ರಶ್ನೆಯಾಗಿ ನಿಂತಿದೆ.

ಹಿಂದೆ ವಿದ್ಯಾರ್ಥಿಯು ತಾನು ಏನನ್ನು ಕಲಿತೆ ಎಂಬುದನ್ನು ಉತ್ತರಪತ್ರಿಕೆಯಲ್ಲಿ ತೋರಿಸಿದರೆ ಸಾಕಾಗಿತ್ತು. ಈಗ ಅನೇಕ ವ್ಯಾಸಂಗಗಳಲ್ಲಿ ತಾನು ಹೇಗೆ ಕಲಿತೆ, ಎಲ್ಲಿ ಎಡವಿದೆ ಎಂಬುದನ್ನೂ ಬರೆಯಬೇಕಾಗಿದೆ. ಇಂಗ್ಲೆಂಡಿನ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಇಂತಹ ಬರವಣಿಗೆಗೆ ಆರು ಮೆಟ್ಟಿಲುಗಳನ್ನು ಸೂಚಿಸಿದರು: ನಡೆದುದರ ವಿವರ, ಆಗಿನ ಭಾವನೆ, ಒಳಿತು ಕೆಡುಕುಗಳ ತೂಕ, ಕಾರಣಗಳ ವಿಶ್ಲೇಷಣೆ, ನಿರ್ಣಯ ಮತ್ತು ಮುಂದಿನ ಕಾರ್ಯಯೋಜನೆ. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಎಡ್. ವ್ಯಾಸಂಗವು ಎರಡು ವರ್ಷದ್ದಾದ ಮೇಲೆ ಪ್ರತಿಫಲನ ದಿನಚರಿಯನ್ನು ಬರೆಯುವ ಪದ್ಧತಿ ಶಿಕ್ಷಣ ಮಹಾವಿದ್ಯಾಲಯಗಳಲ್ಲಿ ವ್ಯಾಪಕವಾಯಿತು. 2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವೂ ವಿದ್ಯಾರ್ಥಿಗಳಿಂದ ಇಂತಹ ಬರಹವನ್ನು ಅಪೇಕ್ಷಿಸಿತು.

ಉದ್ದೇಶವು ಶ್ಲಾಘ್ಯವೇ. ಆದರೆ ಈ ದಿನಚರಿಗೂ ಹಲವೆಡೆ ಅಂಕಗಳಿವೆ. ತನ್ನ ದೋಷವನ್ನು ಒಪ್ಪಿಕೊಂಡ ಹಾಳೆಯನ್ನು ಅಂಕ ಕೊಡುವ ಕೈಗೇ ಒಪ್ಪಿಸಬೇಕಾದಾಗ ವಿದ್ಯಾರ್ಥಿ ಸತ್ಯವನ್ನೇ ಬರೆಯುವನೇ?

ಒಂದು ದೃಷ್ಟಾಂತದಿಂದ ಇದನ್ನು ಸ್ಪಷ್ಟಪಡಿಸಬಹುದು. ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ಬೋಧನಾಭ್ಯಾಸಕ್ಕೆಂದು ಶಾಲೆಯೊಂದಕ್ಕೆ ಹೋಗಿ ಭಿನ್ನರಾಶಿಗಳ ಭಾಗಾಕಾರವನ್ನು ಬೋಧಿಸುತ್ತಾಳೆ. ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕೆಂದು ಹೇಳುತ್ತಾಳೆ. ಬಾಲಕನೊಬ್ಬ ಎದ್ದುನಿಂತು “ಏಕೆ ತಲೆಕೆಳಗು ಮಾಡಬೇಕು, ಟೀಚರ್?” ಎಂದು ಕೇಳುತ್ತಾನೆ. “ನಿಯಮವೇ ಹಾಗೆ, ಕುಳಿತುಕೋ” ಎಂಬ ಉತ್ತರ ಬರುತ್ತದೆ. ಅನಂತರ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಂದು ಸಂಜೆ ಅವಳು ದಿನಚರಿಯಲ್ಲಿ “ಬೋಧನೋಪಕರಣಗಳು ಸಾಲಲಿಲ್ಲ, ಮುಂದಿನ ಬಾರಿ ಬಣ್ಣದ ಚಾರ್ಟುಗಳನ್ನು ಬಳಸುವೆ” ಎಂದು ಬರೆಯುತ್ತಾಳೆ. ಬರೆದ ಮಾತು ಸುಳ್ಳಲ್ಲ. ಚಾರ್ಟು ಇರಲಿಲ್ಲವೆಂಬುದು ನಿಜವೇ. ಆದರೆ ಕಾರಣವನ್ನು ಅವಳೂ ಅರಿತಿರಲಿಲ್ಲ, ಹತ್ತು ವರ್ಷಗಳ ಹಿಂದೆ ಕಂಠಪಾಠ ಮಾಡಿದ್ದನ್ನೇ ಒಪ್ಪಿಸಿದಳು, ಕೇಳಿದ ಮಗುವಿನ ಬಾಯಿ ಮುಚ್ಚಿಸಿದಳು ಎಂಬ ನಿಜವು ಬರಹದ ಹೊರಗೆ ಉಳಿಯಿತು.

ಇಂತಹ ಮರೆಮಾಚುವಿಕೆಯನ್ನು ಜೈನಾಚಾರ್ಯರು ಶತಮಾನಗಳ ಹಿಂದೆಯೇ ಕಂಡಿದ್ದರು. ಆಲೋಚನೆಯು ಹತ್ತು ದೋಷಗಳಿಂದ ಮುಕ್ತವಾಗಿರಬೇಕೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ್ದಾರೆ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಆ ಹತ್ತರ ವಿಸ್ತಾರವಾದ ವಿವರಣೆಯಿದೆ. ಸೇವೆ ಉಪಕಾರಗಳಿಂದ ಗುರುವಿನ ಮನ ಕರಗಿಸಿ ಅನಂತರ ನಿವೇದಿಸುವುದು ಆಕಂಪಿತ. ತಾನು ದುರ್ಬಲನೆಂದು ತೋರಿಸಿ ಲಘುವಾದ ಪ್ರಾಯಶ್ಚಿತ್ತಕ್ಕೆ ಹವಣಿಸುವುದು ಅನುಮಾನಿತ. ಇತರರು ಕಂಡ ದೋಷವನ್ನು ಮಾತ್ರ ಹೇಳುವುದು ಯದ್ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ಇಂತಹ ತಪ್ಪನ್ನು ಯಾರಾದರೂ ಮಾಡಿದರೆ ಏನು ಪರಿಹಾರವೆಂದು ಮರೆಯಲ್ಲಿ ನಿಂತು ಕೇಳುವುದು ಛನ್ನ. ಗದ್ದಲದ ನಡುವೆ, ಕೇಳಿಯೂ ಕೇಳದಂತೆ ಹೇಳುವುದು ಶಬ್ದಾಕುಲಿತ. ಒಬ್ಬ ಗುರುವಿನ ಮಾತಿನಲ್ಲಿ ನಂಬಿಕೆಯಿಡದೆ ಹಲವರನ್ನು ಕೇಳುತ್ತ ಹೋಗುವುದು ಬಹುಜನ. ತಿಳಿಯದವನ ಮುಂದೆ ಹೇಳುವುದು ಅವ್ಯಕ್ತ. ಅದೇ ದೋಷವುಳ್ಳವನ ಮುಂದೆ ಹೇಳುವುದು ತತ್ಸೇವಿ.

ಈ ಪಟ್ಟಿಯು ಮುನಿಗಳಿಗಾಗಿ ರಚಿತವಾದುದು. ಮಹಾವ್ರತದ ಅತಿಚಾರವೂ ತರಗತಿಯ ಎಡವಟ್ಟೂ ಒಂದೇ ತೂಕದವಲ್ಲ. ಆದರೂ ಮನಸ್ಸು ತನ್ನನ್ನು ತಾನು ಮರೆಮಾಚಿಕೊಳ್ಳುವ ದಾರಿಗಳು ಎರಡು ಕಡೆಯೂ ಒಂದೇ. ಚಾರ್ಟಿನ ಕೊರತೆಯನ್ನು ಬರೆದು ಅಜ್ಞಾನವನ್ನು ಮುಚ್ಚಿದವಳಲ್ಲಿ ಕಾಣುವುದು ಸೂಕ್ಷ್ಮದೋಷ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತು ಗುರುತಿಸಿದ ತಪ್ಪನ್ನಷ್ಟೇ ದಿನಚರಿಯಲ್ಲಿ ಬರೆದರೆ ಅದು ಯದ್ದೃಷ್ಟ. ಕಣ್ಣೀರಿನ ಮಾತುಗಳಿಂದ ಪುಟ ತುಂಬಿಸಿ ಅಂಕಕ್ಕೆ ಹವಣಿಸಿದರೆ ಅನುಮಾನಿತ. ಒಬ್ಬರ ದಿನಚರಿಯನ್ನು ನೋಡಿ ಇನ್ನೊಬ್ಬರು ನಕಲು ಮಾಡುವುದಕ್ಕೆ ಮಾತ್ರ ಆ ಹತ್ತರಲ್ಲಿ ಹೆಸರಿಲ್ಲ. ಅಲ್ಲಿ ನಿವೇದನೆಯೇ ನಡೆದಿಲ್ಲ.

ಹಾಗಾದರೆ ತನ್ನ ಕಲಿಕೆಯ ಬಗ್ಗೆ ನಿಜವನ್ನು ಬರೆಯಲು ಗೃಹಸ್ಥನಿಗೆ ಸಾಧ್ಯವೇ? ಸಾಧ್ಯವೆಂಬುದಕ್ಕೆ ಬನಾರಸೀದಾಸನೇ ಸಾಕ್ಷಿ. 1586ರಲ್ಲಿ ಜೌನ್‌ಪುರದಲ್ಲಿ ಹುಟ್ಟಿದ ಈ ಜೈನ ವರ್ತಕನು 1641ರಲ್ಲಿ, ತನ್ನ 55ನೆಯ ವಯಸ್ಸಿನಲ್ಲಿ, ‘ಅರ್ಧಕಥಾನಕ’ ಎಂಬ ಪದ್ಯರೂಪದ ಆತ್ಮಕಥೆಯನ್ನು ಬರೆದನು. ತಾರುಣ್ಯದಲ್ಲಿ ತಾನು ರಚಿಸಿದ್ದ ಸಾವಿರ ಪದ್ಯಗಳ ಶೃಂಗಾರಪ್ರಧಾನ ಗ್ರಂಥವು ಸುಳ್ಳಿನ ರಾಶಿಯೆಂದು ಮನವರಿಕೆಯಾಗಿ ಅದನ್ನು ಗೋಮತೀ ನದಿಗೆ ಎಸೆದುದನ್ನು ಅವನು ಅದರಲ್ಲಿ ಹೇಳಿದ್ದಾನೆ. ಅದಕ್ಕಿಂತ ಮುಖ್ಯವಾದುದು ಅವನ ಓದಿನ ಕಥೆ. ಕುಂದಕುಂದಾಚಾರ್ಯರ ಸಮಯಸಾರವನ್ನು ಭಾಷಾಟೀಕೆಯೊಡನೆ ಓದಿದ ಅವನು ನಿಶ್ಚಯನಯವನ್ನು ಮಾತ್ರ ಹಿಡಿದು, ವ್ಯವಹಾರವನ್ನೂ ಕ್ರಿಯೆಗಳನ್ನೂ ಕೈಬಿಟ್ಟನು. ಗೆಳೆಯರೊಡನೆ ಕೋಣೆಯೊಂದರಲ್ಲಿ ಬತ್ತಲೆ ಕುಣಿದು ಮುನಿಗಳಾದೆವೆಂದು ನಗೆಯಾಡಿದುದನ್ನೂ ಅವನು ಬಚ್ಚಿಟ್ಟಿಲ್ಲ. ಮುಂದೆ ಆಗ್ರಾಕ್ಕೆ ಬಂದ ಪಂಡಿತ ರೂಪಚಂದರಿಂದ ಗೊಮ್ಮಟಸಾರದ ವ್ಯಾಖ್ಯಾನವನ್ನು ಕೇಳಿ, ಗುಣಸ್ಥಾನಕ್ಕೆ ತಕ್ಕ ಆಚರಣೆಯೆಂಬ ಕ್ರಮವನ್ನು ಅರಿತು, ತಾನು ಓದಿದ್ದು ಅರ್ಧವೆಂದು ಕಂಡುಕೊಂಡನು. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕನ್ನಡನಾಡಿನಲ್ಲಿ ರಚಿಸಿದ ಗ್ರಂಥವೊಂದು ಆರು ಶತಮಾನಗಳ ಬಳಿಕ ಉತ್ತರದ ಓದುಗನೊಬ್ಬನ ತಪ್ಪುಗ್ರಹಿಕೆಯನ್ನು ತಿದ್ದಿದ ಬಗೆಯಿದು.

ಗಮನಿಸಬೇಕಾದ ಸಂಗತಿಯೊಂದಿದೆ. ಬನಾರಸೀದಾಸನು ಗ್ರಂಥವನ್ನು ದೂಷಿಸಲಿಲ್ಲ. ತಾನು ಅದನ್ನು ಓದಿದ ರೀತಿಯನ್ನು ದೂಷಿಸಿದನು. ಕೊನೆಯಲ್ಲಿ ತನ್ನ ಗುಣಗಳನ್ನೂ ದೋಷಗಳನ್ನೂ ಒಂದೊಂದಾಗಿ ಎಣಿಸಿದನು. ಅವನಿಗೆ ಅಂಕ ಕೊಡುವವರು ಯಾರೂ ಇರಲಿಲ್ಲ.

ತನ್ನ ಬಗ್ಗೆಯೇ ಬರೆಯುತ್ತ ಹೋದರೆ ಮಾನಕಷಾಯ ಬೆಳೆಯುವುದಿಲ್ಲವೇ ಎಂಬ ಆಕ್ಷೇಪವನ್ನು ಹಿರಿಯರು ಎತ್ತಬಹುದು. ಆಕ್ಷೇಪದಲ್ಲಿ ತಿರುಳಿದೆ. ತಪ್ಪನ್ನು ಹೇಳಿಕೊಳ್ಳುವುದೂ ಒಂದು ಬಗೆಯ ಹೆಮ್ಮೆಯಾಗಬಲ್ಲದು. ಅದಕ್ಕೆ ಮದ್ದು ಶಾಸ್ತ್ರದಲ್ಲಿಯೇ ಇದೆ. ಪ್ರತಿಕ್ರಮಣವು ಕಳೆದುದಕ್ಕೆ, ಆಲೋಚನೆಯು ಇಂದಿನದಕ್ಕೆ, ಪ್ರತ್ಯಾಖ್ಯಾನವು ಮುಂದಿನದಕ್ಕೆ ಸಂಬಂಧಿಸಿದ್ದು. ಮೂರೂ ಕೂಡಿದಾಗಲೇ ಶುದ್ಧಿ. ಗಿಬ್ಸ್ ಅವರ ಆರನೆಯ ಮೆಟ್ಟಿಲೂ ಮುಂದಿನ ಕಾರ್ಯವೇ. ಆ ವಿದ್ಯಾರ್ಥಿನಿಯು ತನ್ನ ಅಜ್ಞಾನವನ್ನು ಬರೆದು ಅಲ್ಲಿಗೇ ನಿಂತರೆ ಪ್ರಯೋಜನವಿಲ್ಲ. ಅರ್ಧ ರೊಟ್ಟಿಯಲ್ಲಿ ಕಾಲು ರೊಟ್ಟಿಗಳು ಎಷ್ಟೆಂದು ತನ್ನನ್ನೇ ಕೇಳಿಕೊಂಡು, ಎರಡೆಂದು ಕಂಡು, ನಾಲ್ಕರಿಂದ ಗುಣಿಸಿದರೂ ಅದೇ ಬರುವುದೇಕೆಂದು ಅರಿಯಬೇಕು. ಮರುದಿನ ಆ ಬಾಲಕನನ್ನು ಕರೆದು “ನಿನ್ನೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ; ನನಗೆ ಆಗ ಉತ್ತರ ಗೊತ್ತಿರಲಿಲ್ಲ” ಎಂದು ಹೇಳಬೇಕು. ಆ ಒಂದು ಮಾತಿನಿಂದ ಅವಳ ದಿನಚರಿಯು ಅಂಕಪಟ್ಟಿಯನ್ನು ದಾಟಿ ಚಾರಿತ್ರವನ್ನು ಮುಟ್ಟುತ್ತದೆ.

ಕರ್ತವ್ಯವು ವಿದ್ಯಾರ್ಥಿಯೊಬ್ಬನದೇ ಅಲ್ಲ. ಆಲೋಚನೆಯನ್ನು ಕೇಳುವ ಆಚಾರ್ಯನಿಗೂ ಭಗವತೀ ಆರಾಧನೆಯು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲೊಂದು ಅಪರಿಸ್ರಾವಿ ಎಂಬುದು: ಕಾದ ಕಬ್ಬಿಣವು ಹೀರಿದ ನೀರು ಮತ್ತೆ ಹೊರಗೆ ಒಸರದಂತೆ, ಕೇಳಿದ ದೋಷವು ಅವನಿಂದ ಹೊರಗೆ ಹೋಗಬಾರದು. ದಿನಚರಿಯ ಪುಟವನ್ನು ಸಿಬ್ಬಂದಿ ಕೊಠಡಿಯಲ್ಲಿ ಓದಿ ನಗುವ ಅಧ್ಯಾಪಕನಿಗೆ ಅದನ್ನು ಬೇಡುವ ಅಧಿಕಾರವಿಲ್ಲ. ಗುರುವು ದೋಷಕ್ಕೆ ಪ್ರಾಯಶ್ಚಿತ್ತವನ್ನು, ಎಂದರೆ ಮುಂದಿನ ದಾರಿಯನ್ನು, ಕೊಡುತ್ತಾನೆಯೇ ಹೊರತು ಬೆಲೆ ಕಟ್ಟುವುದಿಲ್ಲ. ಅಂಕ ಕೊಡಲೇಬೇಕಾದಲ್ಲಿ ಒಪ್ಪಿಕೊಂಡ ತಪ್ಪಿನ ಗಾತ್ರವನ್ನು ಬಿಟ್ಟು, ಅದನ್ನು ತಿದ್ದಿಕೊಳ್ಳಲು ಮಾಡಿದ ಪ್ರಯತ್ನಕ್ಕೆ ಕೊಡುವುದು ನ್ಯಾಯ.

ಅಂಕ ಕಡಿಮೆಯಾಗುವ ಭಯವಿದ್ದರೂ ವಿದ್ಯಾರ್ಥಿಯು ನಿಜವನ್ನು ಬರೆಯಬೇಕೇ? ಪ್ರತಿಯೊಂದು ದೌರ್ಬಲ್ಯವನ್ನೂ ಪ್ರತಿಯೊಬ್ಬರ ಮುಂದೆ ತೆರೆದಿಡಬೇಕೆಂದು ಧರ್ಮವು ವಿಧಿಸಿಲ್ಲ; ತಿಳಿಯದವನ ಮುಂದೆ ಹೇಳುವುದನ್ನು ಅದು ದೋಷವೆಂದೇ ಎಣಿಸಿದೆ. ಆದರೆ ಮೌನ ಬೇರೆ, ಮಾಯೆ ಬೇರೆ. ಹೇಳದೆ ಉಳಿಸಿದ್ದನ್ನು ತನ್ನ ಏಕಾಂತದ ಪುಟದಲ್ಲಾದರೂ ಬರೆದಿಡಬೇಕು. ಹೇಳಿದ್ದರಲ್ಲಿ ಸುಳ್ಳನ್ನು ಬೆರೆಸಬಾರದು. ಮಾಯೆಯನ್ನು ಶಾಸ್ತ್ರವು ಶಲ್ಯವೆಂದು, ಒಳಗೆ ಮುರಿದು ಉಳಿದ ಮುಳ್ಳೆಂದು ಕರೆದಿದೆ. ಅದರ ಮೇಲೆ ಪದವಿಯ ಬಟ್ಟೆ ಹೊದಿಸಿದರೂ ನೋವು ಹೋಗದು.

ಮನೆಯಲ್ಲಿ ತಂದೆತಾಯಿಗಳು ಮಕ್ಕಳನ್ನು “ಎಷ್ಟು ಬಂತು?” ಎಂದು ಕೇಳುವುದರ ಜೊತೆಗೆ “ಈ ವಾರ ಯಾವುದು ಅರ್ಥವಾಗಲಿಲ್ಲ?” ಎಂದೂ ಕೇಳಬಹುದು, ಉತ್ತರ ಬಂದಾಗ ಗದರದೆ ಕೇಳಿಸಿಕೊಳ್ಳಬಹುದು. ವಿದ್ಯಾರ್ಥಿನಿಲಯಗಳನ್ನು ನಡೆಸುವ, ವಿದ್ಯಾರ್ಥಿವೇತನ ನೀಡುವ ಬಸದಿಗಳ ಟ್ರಸ್ಟುಗಳು ಅಂಕಪಟ್ಟಿಯ ಪ್ರತಿಯನ್ನು ಕೇಳುವುದು ಸಹಜ. ಅದರೊಡನೆ ತಿಂಗಳಿಗೊಂದು ಸಂಜೆ, ಅಂಕವಿಲ್ಲದ, ವರದಿಯಿಲ್ಲದ ಒಂದು ಸ್ವಾಧ್ಯಾಯವನ್ನು ಏರ್ಪಡಿಸಿದರೆ ವಿದ್ಯಾರ್ಥಿಗಳು ತಮ್ಮ ಓದಿನ ಎಡವುಗಳನ್ನು ಅಪರಿಸ್ರಾವಿಯಾದ ಹಿರಿಯರೊಬ್ಬರ ಮುಂದೆ ಹೇಳಿಕೊಳ್ಳಬಲ್ಲರು. ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನೆಯ ಬಳಿಕ ಬರುವುದು ಪೃಚ್ಛನೆ, ಎಂದರೆ ಕೇಳುವುದು. ‘ನಿಯಮವೇ ಹಾಗೆ, ಕುಳಿತುಕೋ’ ಎಂಬ ಮಾತು ಆ ಸಂಜೆಯಲ್ಲಿ ಯಾರ ಬಾಯಿಂದಲೂ ಬರದಿದ್ದರೆ ಸಾಕು.